ಕವಿ ಹುಟ್ಟಿಯೇ ಬರಬೇಕಾ? ಬೇಂದ್ರೆ ಅಜ್ಜನ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು

ಜನವರಿ 31 ಬಂದರೆ ಸಾಕು, ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಥರದ ಸಂದೇಶಗಳು ಓಡಾಡುತ್ತವೆ. ಅಂದು ವರಕವಿ ದ. ರಾ. ಬೇಂದ್ರೆಯವರು ಹುಟ್ಟಿದ ದಿನ. ಅವರದೊಂದು ಹಳೆಯ ಫೋಟೊ, ಕೆಳಗೆ ನಾಲ್ಕೈದು ಸಾಲು, ಕೊನೆಗೆ ಕೈಮುಗಿದ ಎರಡು ಎಮೋಜಿ. ಮಾತು ಗ್ರೂಪಿನಿಂದ ಗ್ರೂಪಿಗೆ ಸ್ವಲ್ಪ ಬದಲಾದರೂ ಸಾರ ಒಂದೇ. ಬೇಂದ್ರೆ ಅಜ್ಜನಿಗೆ ಕವಿತೆ ದೇವರು ಕೊಟ್ಟ ವರ, ಕೂತಲ್ಲಿ ನಿಂತಲ್ಲಿ ತಾನಾಗಿ ಹರಿಯುತ್ತಿತ್ತು, ಮನೆಮಾತು ಮರಾಠಿಯಾದರೂ ಕನ್ನಡ ಒಲಿದದ್ದು ಪವಾಡ, ಕವಿ ಹುಟ್ಟುತ್ತಾನೆಯೇ ಹೊರತು ತಯಾರಾಗುವುದಿಲ್ಲ.

ಇದರಿಂದ ಯಾರಿಗೆ ಏನು ಹಾನಿ, ಕಷಾಯ ಕುಡಿದರೆ ಕ್ಯಾನ್ಸರ್ ವಾಸಿ ಎನ್ನುವಂಥ ಫಾರ್ವರ್ಡ್ ಅಲ್ಲವಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ಈ ಸಂದೇಶ ಹೋಗಿ ಮುಟ್ಟುವ ಮನೆಗಳಲ್ಲೇ, ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗುಟ್ಟಾಗಿ ನಾಲ್ಕು ಸಾಲು ಬರೆದುಕೊಳ್ಳುವ ಒಂಬತ್ತನೇ ಕ್ಲಾಸಿನ ಹುಡುಗಿಯರು ಇರುತ್ತಾರೆ. ತಾವು ಬರೆದದ್ದು ತಾನಾಗಿ ಹರಿದು ಬರಲಿಲ್ಲ, ಮೂರು ಸಲ ಹೊಡೆದುಹಾಕಿ ಬರೆಯಬೇಕಾಯಿತು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಹಾಗಾದರೆ ಇದು ನನ್ನಂಥವರ ಕೆಲಸವಲ್ಲ ಎಂದು ನೋಟ್‌ಬುಕ್ ಮುಚ್ಚಿಬಿಡುವುದಕ್ಕೆ ಇಂಥ ಒಂದು ಫಾರ್ವರ್ಡ್ ಸಾಕು. ಆದ್ದರಿಂದ ಈ ಮಾತುಗಳನ್ನು ನಾವು ಬಿಡಿಸಿ ನೋಡಿದೆವು. ಕೆಲವು ನಿಜ. ನಿಜವಾದ ಮಾತಿನಿಂದ ಎಳೆದ ತೀರ್ಮಾನ ಮಾತ್ರ ಹೆಚ್ಚಿನ ಕಡೆ ತಪ್ಪು.

ಮನೆಮಾತು ಮರಾಠಿ: ನಿಜ. ಪವಾಡ: ಅಲ್ಲ

ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಹುಟ್ಟಿದ್ದು 1896ರಲ್ಲಿ, ಧಾರವಾಡದಲ್ಲಿ. ಮನೆಯಲ್ಲಿ ಆಡುತ್ತಿದ್ದದ್ದು ಮರಾಠಿ. ತಂದೆ ಬೇಗ ತೀರಿಕೊಂಡರು. ತಾಯಿಯ ಹೆಸರು ಅಂಬಿಕೆ. ‘ಅಂಬಿಕಾತನಯದತ್ತ’ ಎಂಬ ಕಾವ್ಯನಾಮ ಬಂದದ್ದು ಅಲ್ಲಿಂದ, ಅಂಬಿಕೆಯ ಮಗ ದತ್ತ ಎಂದು ಅದರ ಅರ್ಥ. ಇಷ್ಟೂ ಸರಿ.

ಇದು ಒಬ್ಬರದೇ ಕತೆಯೂ ಅಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಕನ್ನಡಕ್ಕೆ ಜ್ಞಾನಪೀಠ ತಂದವರಲ್ಲಿ ಮೂವರು ಹೀಗೆ. ಪವಾಡ ಪದೇಪದೇ ನಡೆಯುತ್ತಿದ್ದರೆ ಅದಕ್ಕೊಂದು ಸಾಮಾನ್ಯ ಕಾರಣ ಇರಲೇಬೇಕು.

ಕಾರಣ ಸರಳ. ಮಗು ಭಾಷೆಯನ್ನು ರಕ್ತದಿಂದ ಪಡೆಯುವುದಿಲ್ಲ, ಕಿವಿಯಿಂದ ಪಡೆಯುತ್ತದೆ. ಅಂದಿನ ಧಾರವಾಡದಲ್ಲಿ ಮನೆಯ ಹೊಸ್ತಿಲು ದಾಟಿದರೆ ಓಣಿಯ ಕನ್ನಡ, ಸಂತೆಯ ಕನ್ನಡ, ಜಾತ್ರೆಯ ಲಾವಣಿ, ಭಜನೆಯ ಪದ. ಒಳಗೆ ಮರಾಠಿ, ಅಭಂಗ, ಪಾಠಕ್ಕೆ ಸಂಸ್ಕೃತ. ಹುಬ್ಬಳ್ಳಿಯಲ್ಲಿ ಇಂದು ಉರ್ದು, ಮರಾಠಿ, ತೆಲುಗು, ಕೊಂಕಣಿ ಮನೆಗಳಲ್ಲಿ ಬೆಳೆಯುವ ಮಕ್ಕಳು ಓಣಿಯಲ್ಲಿ ಆಡುವ ಕನ್ನಡ ಕೇಳಿ ನೋಡಿ, ಎಲ್ಲಿಯೂ ಎಡವುವುದಿಲ್ಲ.

ನಮ್ಮದೊಂದು ಊಹೆ ಇದೆ, ಊಹೆ ಎಂದೇ ಓದಿಕೊಳ್ಳಿ. ಎರಡು ಭಾಷೆಗಳ ನಡುವೆ ಬೆಳೆದ ಮಗುವಿಗೆ, ಒಂದೇ ವಸ್ತುವಿಗೆ ಎರಡು ಸದ್ದುಗಳಿವೆ ಎಂಬುದು ಬೇಗ ತಿಳಿಯುತ್ತದೆ. ನಮಗೆಲ್ಲ ‘ಹಾಲು’ ಎಂದರೆ ಹಾಲು, ಅಷ್ಟೆ. ಅಂಥ ಮಗುವಿಗೆ ‘ಹಾಲು’ ಎಂಬುದು ಒಂದು ಸದ್ದು ಕೂಡ. ಶಬ್ದದ ಸದ್ದಿನ ಜೊತೆ ಇಷ್ಟು ಆಟವಾಡಿದ ಕವಿಗೆ ಇದು ನೆರವಾಗಿರಬಹುದು. ಆದರೆ ‘ಎರಡು ಭಾಷೆ ಬಲ್ಲವರ ಮೆದುಳು ಹೆಚ್ಚು ಚುರುಕು’ ಎಂಬ ಇನ್ನೊಂದು ಫಾರ್ವರ್ಡ್ ಇದೆಯಲ್ಲ, ಅದನ್ನು ಇದಕ್ಕೆ ಅಂಟಿಸಬೇಡಿ. 2018ರಲ್ಲಿ ವಯಸ್ಕರ ಮೇಲೆ ನಡೆದ 152 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಏಕಾಗ್ರತೆಯಂಥ ಸಾಮರ್ಥ್ಯಗಳಲ್ಲಿ ಅಂಥ ಲಾಭಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಇನ್ನೊಂದು ಭಾಷೆ ಕಲಿಯಲು ಅದೇ ಕಾರಣ ಬೇಕೆಂದೂ ಇಲ್ಲ.

ಬರವಣಿಗೆ ಶುರುವಾಗುವುದು ಕಿವಿಯಲ್ಲಿ

ಕವಿಗೆ ಬರೆಯುವ ಪ್ರೀತಿ ಹೇಗೆ ಹುಟ್ಟುತ್ತದೆ ಎಂದು ಕೇಳಿದರೆ ಹೆಚ್ಚಿನವರು ಪುಸ್ತಕದ ಕಡೆ ಬೆರಳು ತೋರಿಸುತ್ತಾರೆ. ಸಂಶೋಧನೆ ಇನ್ನೂ ಹಿಂದಕ್ಕೆ ಹೋಗುತ್ತದೆ. 1986ರಲ್ಲಿ ಅಮೆರಿಕದಲ್ಲಿ ಆಂಥೊನಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ ಎಂಬ ಸಂಶೋಧಕರು ಗರ್ಭಿಣಿಯರಿಗೆ ಕೊನೆಯ ಆರು ವಾರ ದಿನಾಲೂ ಒಂದೇ ಕತೆಯನ್ನು ಗಟ್ಟಿಯಾಗಿ ಓದಲು ಹೇಳಿದರು. ಹುಟ್ಟಿದ ಕೆಲವೇ ದಿನಗಳ ಕೂಸುಗಳು ಹೊಸ ಕತೆಗಿಂತ ಆ ಕತೆಯನ್ನೇ ಹೆಚ್ಚು ಕೇಳಬಯಸಿದವು. ಕೂಸಿಗೆ ಕತೆ ಅರ್ಥವಾಗಿರಲಿಲ್ಲ, ಅದರ ಲಯ ಗುರುತಾಗಿತ್ತು. (ಗರ್ಭದಲ್ಲೇ ಚಕ್ರವ್ಯೂಹ ಕಲಿಸಬಹುದು ಎಂಬ ಫಾರ್ವರ್ಡ್‌ಗೆ ಇದನ್ನು ಸಾಕ್ಷಿ ಮಾಡಬೇಡಿ. ಕೂಸು ಕಲಿತದ್ದು ಸದ್ದಿನ ಏರಿಳಿತ ಮಾತ್ರ.)

ಬ್ರಿಟನ್ನಿನಲ್ಲಿ ನಡೆದು 1989ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮೂರು ವರ್ಷದ ಮಕ್ಕಳನ್ನು ಆರು ವರ್ಷದವರೆಗೆ ಹಿಂಬಾಲಿಸಿತು. ಮೂರನೇ ವಯಸ್ಸಿನಲ್ಲಿ ಶಿಶುಪ್ರಾಸಗಳನ್ನು ಚೆನ್ನಾಗಿ ಬಲ್ಲ ಮಕ್ಕಳು ಮುಂದೆ ಓದು, ಕಾಗುಣಿತ ಎರಡರಲ್ಲೂ ಮುಂದಿದ್ದರು. ಬುದ್ಧಿಮಟ್ಟ, ಮನೆಯ ಸ್ಥಿತಿಗತಿಗಳ ಲೆಕ್ಕ ಹಿಡಿದ ಮೇಲೂ ಈ ಸಂಬಂಧ ಉಳಿಯಿತು. ಪ್ರಾಸವೇ ಓದು ಕಲಿಸಿತು ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಮಾತನ್ನು ತುಂಡುತುಂಡಾಗಿ ಕೇಳುವ ಕಿವಿ ಅಕ್ಷರಕ್ಕಿಂತ ಮುಂಚೆ ತಯಾರಾಗುತ್ತದೆ ಎಂಬುದಂತೂ ಸ್ಪಷ್ಟ.

ಈಗ ಉತ್ತರ ಕರ್ನಾಟಕದ ಮನೆಗಳನ್ನು ನೆನೆಯಿರಿ. ಬೀಸುವ ಕಲ್ಲಿನ ಮುಂದೆ ಬೆಳಗಿನ ಜಾವ ಹಾಡುವ ತ್ರಿಪದಿ, ಕುಟ್ಟುವ ಪದ, ತೊಟ್ಟಿಲ ಪದ, ಸೋಬಾನೆ, ಕಣದಲ್ಲಿ ಹಂತಿ ಹೊಡೆಯುವಾಗಿನ ಹಂತಿಯ ಹಾಡು. ಕೈಯ ಚಲನೆಗೆ ತಕ್ಕಂತೆ ಮಾತು ಕೂರಬೇಕು, ಇಲ್ಲದಿದ್ದರೆ ಕಲ್ಲು ನಿಲ್ಲುತ್ತದೆ. ಛಂದಸ್ಸಿನ ಪಾಠಕ್ಕೆ ಇದಕ್ಕಿಂತ ಕಟ್ಟುನಿಟ್ಟಿನ ಶಾಲೆ ಬೇಕೇ? ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಈ ಹಾಡುಗಳ ಬೆನ್ನು ಹತ್ತಿದರು. ‘ಗರತಿಯ ಹಾಡು’ 1931ರಲ್ಲಿ ಪುಸ್ತಕವಾಗಿ ಬಂತು. ಅದಕ್ಕೆ ಮುನ್ನುಡಿಯ ಮಾತು ಬರೆದವರಲ್ಲಿ ಬೇಂದ್ರೆಯವರೂ ಒಬ್ಬರು.

ಬೇಂದ್ರೆ ಬರೆದದ್ದನ್ನು ಕಣ್ಣಲ್ಲಿ ಓದಿದಾಗ ಅರ್ಥವಾಗದೆ, ಗಟ್ಟಿಯಾಗಿ ಓದಿದಾಗ ಅರ್ಥವಾಗುವ ಅನುಭವ ಬಹಳ ಮಂದಿಗೆ ಆಗಿರುತ್ತದೆ. ಅವರು ಧಾರವಾಡದ ಆಡುಮಾತನ್ನು ಅದು ಇದ್ದ ಹಾಗೆ ಕವಿತೆಗೆ ತಂದರು. ಪರೀಕ್ಷೆಯಲ್ಲಿ ಇಂದಿಗೂ ಕೆಂಪು ಗೆರೆ ಬೀಳಬಹುದಾದ ಕನ್ನಡ ಅದು. ‘ಶುದ್ಧವಾಗಿ ಬರಿ’ ಎಂದು ಮಕ್ಕಳ ಮಾತನ್ನು ತಿದ್ದುವ ಮೊದಲು ದೊಡ್ಡವರು ಇದನ್ನು ನೆನಪಿಡಬೇಕು ಎಂದು ನಮಗೆ ಅನ್ನಿಸುತ್ತದೆ.

ಒಂಟಿ ಕವಿ ಎಂಬ ಚಿತ್ರ

ಫಾರ್ವರ್ಡ್‌ಗಳಲ್ಲಿ ಕಾಣದ ಸಂಗತಿಯೊಂದಿದೆ. ನಮ್ಮ ಮಟ್ಟಿಗೆ ಇಡೀ ಕತೆಯಲ್ಲಿ ಮುಖ್ಯವಾದದ್ದೇ ಅದು. ಕವಿಯ ಚಿತ್ರ ಎಂದರೆ ಗುಡ್ಡದ ಮೇಲೆ ಒಬ್ಬನೇ ಕುಳಿತು ಆಕಾಶ ನೋಡುವವನು. ಬೇಂದ್ರೆಯವರ ಸುತ್ತ ಯಾವಾಗಲೂ ಜನ ಇದ್ದರು.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, 1918ರಲ್ಲಿ ಬಿ.ಎ. ಮುಗಿಸಿ ಧಾರವಾಡಕ್ಕೆ ಬಂದ ಅವರು ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು. 1922ರಲ್ಲಿ ಅವರ ಸುತ್ತ ‘ಗೆಳೆಯರ ಗುಂಪು’ ಕಟ್ಟಿಕೊಂಡಿತು. ಶಂಬಾ ಜೋಶಿ, ಆನಂದಕಂದ ಎಂಬ ಹೆಸರಿನಿಂದ ಬರೆದ ಬೆಟಗೇರಿ ಕೃಷ್ಣಶರ್ಮ, ಎನ್ಕೆ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ, ಜಿ. ಬಿ. ಜೋಶಿ ಹೀಗೆ ಒಬ್ಬೊಬ್ಬರಾಗಿ ಸೇರಿದರು. ಸಾಧನಕೇರಿಯ ಸುತ್ತ ಅಡ್ಡಾಡುತ್ತ, ಬರೆದದ್ದನ್ನು ಓದಿ ಹೇಳುತ್ತ, ಜಗಳಾಡುತ್ತ ಬೆಳೆದ ಗುಂಪು. 1926ರ ಹೊತ್ತಿಗೆ ನಾಡಹಬ್ಬದ ಆಚರಣೆಗೂ ಇದೇ ಗುಂಪು ಮುಂದಾಯಿತು.

ಗೋಕಾಕರ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕಾಲೇಜು ಹುಡುಗನಾಗಿದ್ದಾಗ ಅವರು ಕವಿತೆ ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವರನ್ನು ಕನ್ನಡದ ಕಡೆ ತಿರುಗಿಸಿದ್ದು ಬೇಂದ್ರೆಯವರ ಒಡನಾಟ. ಗೋಕಾಕರು ಅವರನ್ನು ಗುರುವೆಂದೇ ಕರೆದರು. 1990ನೇ ಸಾಲಿನ ಜ್ಞಾನಪೀಠ ಗೋಕಾಕರಿಗೆ ಬಂತು. ಒಂದು ಸಣ್ಣ ಊರಿನ ಒಂದೇ ಗೆಳೆಯರ ಗುಂಪಿನಿಂದ ಇಬ್ಬರಿಗೆ ಜ್ಞಾನಪೀಠ. ಹುಟ್ಟಿನಿಂದಲೇ ಎಲ್ಲ ಬರುವುದಾದರೆ ಇಬ್ಬರು ಮಹಾಕವಿಗಳು ಅಕ್ಕಪಕ್ಕದಲ್ಲೇ ಸಿಕ್ಕಿದ್ದು ಕಾಕತಾಳೀಯ ಎನ್ನಬೇಕಾಗುತ್ತದೆ. ಕೇಳುವವರಿದ್ದರು, ಅದಕ್ಕೇ ಬರೆಯುವವರು ಹೆಚ್ಚಿದರು ಎನ್ನುವುದೇ ನಮಗೆ ಸಹಜ ವಿವರಣೆ ಅನ್ನಿಸುತ್ತದೆ.

ಊರಿನಲ್ಲೂ ಅದಕ್ಕೆ ನೆಲ ಹದವಾಗಿತ್ತು. 1890ರಲ್ಲೇ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತ್ತು. ಗುಂಪಿನ ಜಿ. ಬಿ. ಜೋಶಿ 1933ರಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದರು. ಅದರ ‘ಅಟ್ಟ’ ಸಾಹಿತಿಗಳ ಕೂಡುತಾಣವಾಯಿತು. 1950ರಲ್ಲಿ ಆಕಾಶವಾಣಿ ಬಂತು. ಹೊಂಬಳದಿಂದ ಬಂದ ಶಿಕ್ಷಕರ ಮಗ ಚೆನ್ನವೀರ ಕಣವಿ 1949ರಲ್ಲಿ ‘ಕಾವ್ಯಾಕ್ಷಿ’ ತರುವ ಹೊತ್ತಿಗೆ ಧಾರವಾಡದಲ್ಲಿ ಕವಿತೆ ಓದಿದರೆ ಕೇಳಲು ಜನ ಸಿಗುತ್ತಿದ್ದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಗೆಳೆಯರ ಗುಂಪಿನ ಎಂದು ಸಾಮಾನ್ಯವಾಗಿ ಕೊಡುವ ಹೆಸರುಗಳ ಸಾಲಿನಲ್ಲಿ ಹೆಣ್ಣುಮಕ್ಕಳು ಕಾಣುವುದಿಲ್ಲ. ಗೆಳೆಯರ ಕಿವಿ ತಿದ್ದಿದ ಹಾಡುಗಳನ್ನು ಕಟ್ಟಿದವರು ಹೆಂಗಸರು, ಅವುಗಳ ಮೇಲೆ ಅವರ ಹೆಸರಿಲ್ಲ. ಅವರಿಗೆ ಸಂಜೆ ಕೆರೆಯ ದಂಡೆಯಲ್ಲಿ ಅಡ್ಡಾಡುತ್ತ ಪದ್ಯ ಓದಿ ಹೇಳುವ ಪುರುಸೊತ್ತು ಯಾರು ಕೊಡಬೇಕಿತ್ತು? ‘ಹುಟ್ಟು ಪ್ರತಿಭೆ’ ಎಂಬ ಮಾತು ಈ ಅಸಮಾನತೆಯನ್ನು ಬಹಳ ಸಲೀಸಾಗಿ ಮುಚ್ಚಿಬಿಡುತ್ತದೆ.

ಒಂದೇ ಉಸಿರಿಗೆ ಬಂದ ಕವಿತೆ

ದೊಡ್ಡ ಕೃತಿ ಇಡಿಯಾಗಿ ತಲೆಯೊಳಗೆ ಇಳಿದುಬರುತ್ತದೆ ಎಂಬ ನಂಬಿಕೆ ನಮ್ಮದು ಮಾತ್ರವಲ್ಲ. ಸಂಗೀತಗಾರ ಮೊಜಾರ್ಟ್ ತನಗೆ ರಚನೆಗಳು ಪೂರ್ಣವಾಗಿ ಮನಸ್ಸಿಗೆ ಬರುತ್ತವೆ ಎಂದು ಬರೆದಿದ್ದಾನೆನ್ನುವ ಪತ್ರವೊಂದು 1815ರಲ್ಲಿ ಜರ್ಮನಿಯ ಸಂಗೀತ ಪತ್ರಿಕೆಯಲ್ಲಿ ಬಂತು. ಅದು ನಕಲಿ ಎಂದು ವಿದ್ವಾಂಸರು ಎಂದೋ ತೀರ್ಮಾನಿಸಿದ್ದಾರೆ. ಮೊಜಾರ್ಟ್ ತಿದ್ದಿ ತೀಡಿದ ಕರಡುಗಳು ಇಂದಿಗೂ ಉಳಿದಿವೆ. ಇಂಗ್ಲಿಷ್ ಕವಿ ಕೋಲ್‌ರಿಜ್ ತನ್ನ ‘ಕುಬ್ಲಾ ಖಾನ್’ ಕನಸಿನಲ್ಲಿ ಬಂದದ್ದು ಎಂದು 1816ರಲ್ಲಿ ಅಚ್ಚು ಹಾಕಿಸಿದ. ಅದಕ್ಕೂ ಹಿಂದಿನ ಕೈಬರಹದ ಪ್ರತಿ ಸಿಕ್ಕಿತು, ಅದರ ಪಾಠ ಅಚ್ಚಾದದ್ದಕ್ಕಿಂತ ಅಲ್ಲಲ್ಲಿ ಬೇರೆ. ಕನಸು ಕಂಡ ಮೇಲೆ ಕವಿ ಕೂತು ತಿದ್ದಿದ್ದಾನೆ.

ಬೇಂದ್ರೆಯವರ ವಿಷಯದಲ್ಲಿ ಇಸವಿಗಳನ್ನು ನೋಡಿದರೆ ಸಾಕು. ‘ಸ್ವಧರ್ಮ’ ಪತ್ರಿಕೆಯಲ್ಲಿ ಮೊದಲ ಕವಿತೆ ಅಚ್ಚಾದದ್ದು 1918ರಲ್ಲಿ. ‘ಕೃಷ್ಣಾಕುಮಾರಿ’ ಬಂದದ್ದು 1922ರಲ್ಲಿ. ಅವರನ್ನು ನಾಡೆಲ್ಲ ಗುರುತಿಸುವಂತೆ ಮಾಡಿದ ‘ಗರಿ’ ಬಂದದ್ದು 1932ರಲ್ಲಿ, ಅಷ್ಟರಲ್ಲಿ ಅವರಿಗೆ 36 ವರ್ಷ. ಮೊದಲ ಕವಿತೆಗೂ ‘ಗರಿ’ಗೂ ನಡುವೆ 14 ವರ್ಷಗಳ ಓದು, ಪಾಠ, ಗೆಳೆಯರ ಜಗಳ, ಬರೆದದ್ದು, ಬಿಟ್ಟದ್ದು. ಅವರು ಸಭೆಯಲ್ಲಿ ಕೈ ಆಡಿಸುತ್ತ, ದನಿ ಏರಿಳಿಸುತ್ತ ಹಾಡಿದಂತೆ ಓದುವಾಗ ಕವಿತೆ ಆಗಲೇ ಹುಟ್ಟುತ್ತಿದೆ ಎಂದು ಕೇಳುಗರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಓದಿನಲ್ಲಿ ಹರಿಯುವುದೆಲ್ಲ ಬರೆಯುವಾಗಲೂ ಹಾಗೇ ಹರಿದಿರುತ್ತದೆ ಎಂದಲ್ಲ. ‘ಹಾಡ್ತಾ ಹಾಡ್ತಾ ರಾಗ’ ಎಂದು ಗಾದೆಯೇ ಇದೆ.

ಇದನ್ನೆಲ್ಲ ಇಂದಿನ ವಿಜ್ಞಾನಕ್ಕಿಂತ ಸಾವಿರ ವರ್ಷ ಮೊದಲೇ ಒಬ್ಬರು ಬಿಡಿಸಿ ಹೇಳಿದ್ದಾರೆ. ಸಂಸ್ಕೃತದ ‘ಕಾವ್ಯಮೀಮಾಂಸೆ’ ಬರೆದ ರಾಜಶೇಖರ ಕವಿಗೆ ದಿನಚರಿಯನ್ನೇ ಕೊಡುತ್ತಾನೆ. ಹಗಲನ್ನು ನಾಲ್ಕು ಜಾವ ಮಾಡಿ, ಮೊದಲನೆಯದು ಓದಿಗೆ, ಎರಡನೆಯದು ಬರೆಯುವುದಕ್ಕೆ, ಊಟವಾದ ಮೇಲೆ ಮೂರನೆಯದು ಗೋಷ್ಠಿಗೆ, ನಾಲ್ಕನೆಯದು ಬೆಳಿಗ್ಗೆ ಬರೆದದ್ದನ್ನು ಪರೀಕ್ಷಿಸುವುದಕ್ಕೆ. ಯಾಕೆ ಅಂದೇ ಮತ್ತೆ ನೋಡಬೇಕು? ರಸದ ಆವೇಶದಲ್ಲಿ ಬರೆಯುವಾಗ ತಪ್ಪು-ಒಪ್ಪು ಬೇರ್ಪಡಿಸುವ ಕಣ್ಣು ಇರುವುದಿಲ್ಲ, ಅದಕ್ಕೇ ಎನ್ನುತ್ತಾನೆ.

2015ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ಪಳಗಿದ ಕವಿಗಳು ಮತ್ತು ಹೊಸಬರನ್ನು ಸ್ಕ್ಯಾನರಿನೊಳಗೆ ಮಲಗಿಸಿ ಕವಿತೆ ಕಟ್ಟಲು, ಆಮೇಲೆ ತಿದ್ದಲು ಹೇಳಿ ಮೆದುಳಿನ ಚಟುವಟಿಕೆ ನೋಡಿದರು. ಕಟ್ಟುವಾಗ, ಮೇಲ್ವಿಚಾರಣೆ ಮಾಡುವ ಭಾಗಗಳು ಹಿಂದೆ ಸರಿದವು. ತಿದ್ದುವಾಗ ಅವು ಮತ್ತೆ ಕೆಲಸಕ್ಕೆ ಬಂದವು. ಭಾಗವಹಿಸಿದವರು ಕೆಲವೇ ಮಂದಿ, ಹಾಗಾಗಿ ಇದನ್ನೇ ಕೊನೆಯ ಮಾತೆಂದು ಹಿಡಿಯಬೇಕಿಲ್ಲ. ಆದರೂ ರಾಜಶೇಖರ ಹೇಳಿದ ಎರಡನೇ ಜಾವಕ್ಕೂ ನಾಲ್ಕನೇ ಜಾವಕ್ಕೂ ಇದು ಚೆನ್ನಾಗಿ ಹೊಂದುತ್ತದೆ. ಬರೆಯುತ್ತಿರುವಾಗಲೇ ತಿದ್ದಲು ಹೋಗಿ ಒಂದು ಸಾಲೂ ಮುಂದೆ ಹೋಗದೆ ಕೂರುವವರು ಇದನ್ನು ಪ್ರಯೋಗ ಮಾಡಿ ನೋಡಬಹುದು: ಬೆಳಿಗ್ಗೆ ಬರೆಯಿರಿ, ಸಂಜೆ ಹೊಡೆದುಹಾಕಿ.

ಹಾಗೆಯೇ ‘ಕವಿಗಳು ಬಲಮೆದುಳಿನವರು’ ಎಂಬ ಚಿತ್ರ ಬಂದರೆ ಫಾರ್ವರ್ಡ್ ಮಾಡಬೇಡಿ. 2013ರಲ್ಲಿ ಯೂಟಾ ವಿಶ್ವವಿದ್ಯಾಲಯದವರು 1,011 ಜನರ ಮೆದುಳಿನ ಸ್ಕ್ಯಾನ್ ಪರಿಶೀಲಿಸಿದಾಗ ಎಡಮೆದುಳಿನವರು, ಬಲಮೆದುಳಿನವರು ಎಂಬ ಎರಡು ಜಾತಿ ಕಾಣಲಿಲ್ಲ. ಬೇಂದ್ರೆಯವರಂತೂ ಮುಪ್ಪಿನಲ್ಲಿ ಸಂಖ್ಯೆಗಳ ಬೆನ್ನು ಹತ್ತಿದ್ದರು, 441 ಅವರಿಗೆ ಬಹಳ ಪ್ರಿಯವಾದ ಸಂಖ್ಯೆ. ಅವರನ್ನು ಯಾವ ಬದಿಗೆ ಹಾಕುತ್ತೀರಿ?

ದುಃಖ ಬಂದರೇ ಕವಿತೆಯೇ?

ಈ ಭಾಗ ಸ್ವಲ್ಪ ಎಚ್ಚರದಿಂದ ಓದಿ. ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯ ಹಿಂದೆ ಮಗುವಿನ ಸಾವಿದೆ. ಬೇಂದ್ರೆ ದಂಪತಿ ಹಲವು ಮಕ್ಕಳನ್ನು ಕಳೆದುಕೊಂಡವರು. ಇದನ್ನು ಹೇಳುವ ಫಾರ್ವರ್ಡ್‌ಗಳು ಕಣ್ಣು ತೇವ ಮಾಡುತ್ತವೆ, ಅದು ಸಹಜ. ಆದರೆ ಕೊನೆಗೆ ಒಂದು ಸಾಲು ಸೇರಿಸುತ್ತವೆ: ನೋವಿಲ್ಲದೆ ಕವಿತೆ ಇಲ್ಲ.

ಸಾವು ಆ ಕಾಲದಲ್ಲಿ ಸಾವಿರಾರು ಮನೆಗಳಿಗೆ ಬಂತು, ಮಕ್ಕಳ ಸಾವಿಲ್ಲದ ಮನೆ ಕಡಿಮೆ ಇದ್ದ ಕಾಲ. ಆ ಹೊತ್ತಿಗೆ ಬೇಂದ್ರೆಯವರಿಗೆ ಬರೆದು ಬರೆದು ವರ್ಷಗಳೇ ಆಗಿದ್ದವು. ಗಂಡಹೆಂಡಿರ ನಡುವಿನ ಮಾತಿನ ಧಾಟಿ, ಜನಪದ ಲಯ ಎರಡೂ ಅವರ ಕೈಯಲ್ಲಿದ್ದವು. ದುಃಖ ಬಂದಾಗ ಅದನ್ನು ಹಿಡಿಯುವ ಪಾತ್ರೆ ತಯಾರಿತ್ತು. ಪಾತ್ರೆಯನ್ನು ದುಃಖ ಮಾಡಿಕೊಡಲಿಲ್ಲ.

ಬರೆದರೆ ನೋವು ಕಡಿಮೆಯಾಗುತ್ತದೆಯೇ? 1986ರಲ್ಲಿ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸಿಗೆ ಪೆಟ್ಟಾದ ಸಂಗತಿಯ ಬಗ್ಗೆ ಬರೆಯಲು ಹೇಳಿದರು. ನಡೆದದ್ದನ್ನೂ ಅದರ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಆಸ್ಪತ್ರೆಗೆ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. 2006ರಲ್ಲಿ ಇಂಥ 146 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಲಾಭ ಇದೆ, ಸಣ್ಣದು ಎಂದು ಕಂಡಿತು. ಡೈರಿ ಔಷಧಿಗೆ ಬದಲಿ ಅಲ್ಲ.

ಸ್ವೀಡನ್ನಿನಲ್ಲಿ 2013ರಲ್ಲಿ ಪ್ರಕಟವಾದ ಬಹು ದೊಡ್ಡ ಅಧ್ಯಯನವೊಂದು, ಬರಹಗಾರರಲ್ಲಿ ಮಾನಸಿಕ ಕಾಯಿಲೆಗಳ ಪ್ರಮಾಣ ಹೆಚ್ಚೆಂದು ತೋರಿಸಿದ್ದು ನಿಜ. ಕಾಯಿಲೆಯಿಂದ ಕವಿತೆ ಬಂತು ಎಂದು ಅದು ಹೇಳುವುದಿಲ್ಲ. ಖಿನ್ನತೆಯಲ್ಲಿ ಮುಳುಗಿದವರಿಗೆ ಪೆನ್ನು ಎತ್ತುವುದೇ ಕಷ್ಟ. ನಿಮ್ಮ ಮನೆಯ ಹುಡುಗ ಸಾವಿನ ಬಗ್ಗೆಯೇ ಬರೆಯುತ್ತಿದ್ದು, ಊಟ ನಿದ್ದೆ ಬಿಟ್ಟಿದ್ದರೆ ‘ಕವಿ ಆಗ್ತಾನ ಬಿಡ್ರಿ’ ಎಂದು ನಗಬೇಡಿ. ಪಕ್ಕದಲ್ಲಿ ಕೂತು ಮಾತಾಡಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಧಾರವಾಡದಲ್ಲೇ ಡಿಮ್ಹಾನ್ಸ್ ಆಸ್ಪತ್ರೆ ಇದೆ.

ಬಹುಮಾನ ಮತ್ತು ಪ್ರೀತಿ

ಬರೆಯುವ ಪ್ರೀತಿ ಹುಟ್ಟಿದ ಮೇಲೆ ಉಳಿಯುವುದು ಹೇಗೆ? ತೆರೆಸಾ ಅಮಾಬೈಲ್ ಎಂಬ ಮನೋವಿಜ್ಞಾನಿ 1985ರಲ್ಲಿ ಪ್ರಕಟಿಸಿದ ಪ್ರಯೋಗ ನಮಗೆ ಬಹಳ ಹಿಡಿಸಿತು. ಬಾಸ್ಟನ್ ಸುತ್ತಲಿನ 72 ಮಂದಿ ಬರಹಗಾರರಿಂದ ಹಿಮದ ಬಗ್ಗೆ ಒಂದು ಪುಟ್ಟ ಕವಿತೆ ಬರೆಸಿದರು. ಆಮೇಲೆ ಒಂದು ಗುಂಪಿಗೆ, ಬರೆಯುವುದರಿಂದ ಸಿಗುವ ಸಂತೋಷದ ಕಾರಣಗಳನ್ನು ಕ್ರಮವಾಗಿ ಜೋಡಿಸಲು ಹೇಳಿದರು. ಇನ್ನೊಂದು ಗುಂಪಿಗೆ ಹೊಗಳಿಕೆ, ಹಣ, ಹೆಸರಿನಂಥ ಕಾರಣಗಳ ಪಟ್ಟಿ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವೇ ನಿಮಿಷ. ಬಳಿಕ ನಗುವಿನ ಬಗ್ಗೆ ಇನ್ನೊಂದು ಕವಿತೆ. ಯಾರದು ಯಾವುದೆಂದು ತಿಳಿಯದ 12 ಕವಿಗಳು ಓದಿ ಅಂಕ ಕೊಟ್ಟರು. ಹಣ-ಹೆಸರಿನ ಪಟ್ಟಿ ಜೋಡಿಸಿದವರ ಎರಡನೇ ಕವಿತೆ ಉಳಿದವರದಕ್ಕಿಂತ ಸಪ್ಪೆಯಾಗಿತ್ತು. ಬಹುಮಾನ ಕೊಟ್ಟದ್ದೂ ಅಲ್ಲ, ನೆನಪು ಮಾಡಿಸಿದ್ದು ಅಷ್ಟೆ.

ಬೇಂದ್ರೆಯವರಿಗೆ ಬರವಣಿಗೆಯಿಂದ ಮೊದಲು ಸಿಕ್ಕ ದೊಡ್ಡ ‘ಬಹುಮಾನ’ ಜೈಲು. ‘ನರಬಲಿ’ ಕವಿತೆ ರಾಜದ್ರೋಹವೆಂದು ಬ್ರಿಟಿಷ್ ಸರ್ಕಾರ ಅವರನ್ನು 1932ರಲ್ಲಿ ಹಿಂಡಲಗಾ ಸೆರೆಮನೆಗೆ ಕಳಿಸಿತು. ಆಮೇಲೆ ವರ್ಷಾನುಗಟ್ಟಲೆ ನೆಲೆಯಾದ ನೌಕರಿ ಇಲ್ಲ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾದದ್ದು 1944ರಲ್ಲಿ. ಆ ನಡುವಿನ ಬಡತನದಲ್ಲೇ ‘ಸಖೀಗೀತ’, ‘ನಾದಲೀಲೆ’, ‘ಉಯ್ಯಾಲೆ’ ಬಂದವು. ‘ಅರಳು ಮರಳು’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1958ರಲ್ಲಿ, ‘ನಾಕುತಂತಿ’ಗೆ 1973ನೇ ಸಾಲಿನ ಜ್ಞಾನಪೀಠ. ಪ್ರಶಸ್ತಿಗಾಗಿ ಕಾದಿದ್ದರೆ ಆಯುಷ್ಯವೇ ಸಾಲುತ್ತಿರಲಿಲ್ಲ.

ಹುಟ್ಟಿನಿಂದ ಏನೂ ಬರುವುದೇ ಇಲ್ಲವೇ? ಬರುತ್ತದೆ, ಅದನ್ನೂ ಮುಚ್ಚಿಡಬಾರದು. ನೆದರ್ಲೆಂಡ್ಸ್‌ನಲ್ಲಿ 2009ರಲ್ಲಿ ಪ್ರಕಟವಾದ, ಸಾವಿರಕ್ಕೂ ಹೆಚ್ಚು ಅವಳಿ ಜೋಡಿಗಳ ಅಧ್ಯಯನದಲ್ಲಿ ಬರವಣಿಗೆ ಸೇರಿದಂತೆ ಹಲವು ಸಾಮರ್ಥ್ಯಗಳಲ್ಲಿ ವಂಶವಾಹಿಯ ಪಾಲು ಕಂಡಿತು. ಆದರೆ ಅಲ್ಲಿ ತಮ್ಮ ಸಾಮರ್ಥ್ಯಕ್ಕೆ ಅಂಕ ಕೊಟ್ಟುಕೊಂಡವರು ಅವರೇ. ಮೇಲಾಗಿ ಅದು ಇಡೀ ಜನಸಮೂಹದ ಲೆಕ್ಕ, ನಿಮ್ಮ ಮಗಳ ಜಾತಕವಲ್ಲ. ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಕಾವ್ಯಕ್ಕೆ ಮೂರು ಕಾರಣ ಕೊಡುತ್ತಾನೆ: ಹುಟ್ಟಿನಿಂದ ಬಂದ ಪ್ರತಿಭೆ, ಬಹಳ ಕೇಳಿ ಓದಿ ಪಡೆದ ತಿಳಿವು, ಸೋಲದ ಪ್ರಯತ್ನ. ಮೊದಲನೆಯದು ಇಲ್ಲದಿದ್ದರೂ ಉಳಿದೆರಡರಿಂದ ಸರಸ್ವತಿ ಏನಾದರೂ ಕೃಪೆ ತೋರಿಯೇ ತೋರುತ್ತಾಳೆ ಎಂದೂ ಸೇರಿಸುತ್ತಾನೆ. ನಮ್ಮ ಫಾರ್ವರ್ಡ್‌ಗಳು ಮೂರರಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿವೆ.

‘ಕನ್ನಡಿಗರು ಓದದೆಯೂ ಕವಿಗಳು’ ಎಂದು ರಾಜ್ಯೋತ್ಸವದ ಹೊತ್ತಿಗೆ ಬರುವ ಸಂದೇಶಕ್ಕೂ ಇದೇ ಮಾತು. 9ನೇ ಶತಮಾನದ ‘ಕವಿರಾಜಮಾರ್ಗ’ ಅಂಥ ಹೊಗಳಿಕೆ ಹೇಳಿರುವುದು ನಿಜ. ಓದದೆಯೂ ಕವಿತೆ ಬಲ್ಲವರಾಗಬೇಕಾದರೆ ಇರುವ ದಾರಿ ಒಂದೇ, ಕೇಳುವುದು. ಅದೇ ಗ್ರಂಥ ತಿರುಳ್ಗನ್ನಡದ ನಾಡೆಂದು ಗುರುತಿಸುವ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದು ಇಂದಿನ ಲಕ್ಷ್ಮೇಶ್ವರ, ಹುಬ್ಬಳ್ಳಿಗೆ ದೂರವೇನಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಬೇಂದ್ರೆಯವರದೆಂದು ಕವಿತೆಯೊಂದು ಬಂದರೆ ಅದು ಯಾವ ಸಂಕಲನದ್ದೆಂದು ಕೇಳಿ. ಕಳಿಸಿದವರಿಗೆ ಗೊತ್ತಿಲ್ಲದಿದ್ದರೆ, ಅವರ ಮಗ ವಾಮನ ಬೇಂದ್ರೆ ಸಂಪಾದಿಸಿದ ‘ಔದುಂಬರಗಾಥೆ’ ಸಂಪುಟಗಳಲ್ಲಿ ಹುಡುಕಬಹುದು. ದೊಡ್ಡ ಗ್ರಂಥಾಲಯಗಳಲ್ಲಿ ಅವು ಸಿಗುತ್ತವೆ. ಯಾರೋ ಪಾಪದವರು ಬರೆದ ಸಾಲಿನ ಕೆಳಗಿಂದ ಅವರ ಹೆಸರು ಅಳಿಸಿ ಬೇಂದ್ರೆಯವರ ಹೆಸರು ಹಾಕಿದರೆ ಅನ್ಯಾಯ ಇಬ್ಬರಿಗೂ. ಅನುಮಾನ ಇದ್ದರೆ ಕಳಿಸಬೇಡಿ.

ಮನೆಯಲ್ಲಿ ಮಗು ಏನಾದರೂ ಬರೆದು ತಂದರೆ ಸ್ಟೇಟಸ್‌ಗೆ ಹಾಕುವ ಮುಂಚೆ ಅದಕ್ಕೇ ಗಟ್ಟಿಯಾಗಿ ಓದಲು ಹೇಳಿ, ಫೋನು ಕೆಳಗಿಟ್ಟು ಪೂರ್ತಿ ಕೇಳಿ. ಎಲ್ಲಿ ಚಂದ ಅನ್ನಿಸಿತು, ಎಲ್ಲಿ ತಿಳಿಯಲಿಲ್ಲ ಎಂದು ಒಂದೊಂದು ಮಾತು ಹೇಳಿದರೆ ಸಾಕು. ಸ್ಪರ್ಧೆಯ ಫಾರ್ಮು ಆಮೇಲೆ ತುಂಬಬಹುದು.

ಇನ್ನು ನಿಮ್ಮ ಅಜ್ಜಿಗೋ ಮುತ್ತಜ್ಜಿಗೋ ಬೀಸುವ ಪದ, ಸೋಬಾನೆ ಪದ ನೆನಪಿದ್ದರೆ ಫೋನಿನ ರೆಕಾರ್ಡರ್ ಆನ್ ಮಾಡಿ ಮುಂದಿಡಿ. ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಕೇಳಿ ಕೇಳಿ ಕೈಯಲ್ಲೇ ಬರೆದುಕೊಳ್ಳಬೇಕಿತ್ತು. ಹಾಡಿದವರ ಹೆಸರು, ಊರು, ತಾರೀಖನ್ನು ಮೊದಲಿಗೆ ಅವರ ಬಾಯಲ್ಲೇ ಹೇಳಿಸಿ.